ಗಣಕದ ಮಾತು: ವಠಾರಕ್ಕೆ ಬಂದ ಒಂಟಿಮನೆಯವ



ಕಳೆದ ತಿಂಗಳು ತಿರುಪ್ಪೂರಿನಲ್ಲಿ ನೆಲೆಸಿರುವ ನಮ್ಮ ಭಾವನವರ ಮನೆಗೆ ಹೋಗಿದ್ದೆ. ಬನಿಯನ್ ಹೊಲಿಸಿಕೊಡುವ ಸಣ್ಣ ಕಾರ್ಖಾನೆ ಅವರದು. ಕೂಲಿ, ಮುಂಗಡ, ವಸೂಲಿಗಳ ಲೆಕ್ಕಕ್ಕಾಗಿ 1994ರಲ್ಲಿ ಬರೆಸಿದ ಕ್ರಮವಿಧಿಯೊಂದನ್ನು, ಎಂದರೆ ಪ್ರೋಗ್ರಾಮನ್ನು, ಅವರು ಬಹುಕಾಲ ಬಳಸಿದ್ದರು. ಬರೆದುಕೊಟ್ಟವರು ಈಗಿಲ್ಲ. ಹಳೆಯ ಗಣಕ ಕೆಟ್ಟು ಹೊಸದು ಬಂದಾಗ ಅದು ಮೇಲೇಳಲೇ ಇಲ್ಲ. ಅದೇ ವೇಳೆಗೆ, ಹಿಂದೆ ಅಲ್ಲಿ ಹೊಲಿಯುತ್ತಿದ್ದ ವೃದ್ಧೆಯೊಬ್ಬರು ಬಂದು, "ಮುಂಗಡವನ್ನೆಲ್ಲ ತೀರಿಸಿದ್ದೇನಪ್ಪ, ಚೀಟಿ ಕಳೆದಿದೆ. ಅದನ್ನು ಮಗಳ ಕೂಲಿಯಲ್ಲಿ ಹಿಡಿಯಬೇಡಿ" ಎಂದು ಕೇಳಿಕೊಂಡಿದ್ದರು. ಮುದ್ರಿಸಿಟ್ಟ ಪಟ್ಟಿಯಲ್ಲಿ ಬಾಕಿಯೆಂದೇ ಇತ್ತು. ಭಾವನವರಿಗೆ ಧರ್ಮಸಂಕಟ.

ಹಳೆಯ ಕ್ರಮವಿಧಿಗಳು ಹೊಸ ಗಣಕದಲ್ಲಿ ಏಕೆ ತಂಟೆ ಮಾಡುತ್ತವೆ? 1981ರಲ್ಲಿ ಐಬಿಎಂ ಪಿಸಿಯೊಡನೆ ಬಂದ ಡಾಸ್ ವ್ಯವಸ್ಥೆಯಲ್ಲಿ ಒಂದು ಹೊತ್ತಿಗೆ ಒಂದೇ ಕ್ರಮವಿಧಿಯ ಆಳ್ವಿಕೆ. ಬಾವಿ, ಅಂಗಳ, ಒಲೆ ಎಲ್ಲವೂ ಅದರವೇ. ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುವ ವಿಂಡೋಸ್ ಎಂಬುದು ವಠಾರ; ಅಲ್ಲಿ ಸರದಿಯುಂಟು, ಹಂಚಿಕೆಯುಂಟು. ಒಂಟಿಮನೆಯವನಿಗೆ ಆ ರೂಢಿಯಿಲ್ಲ. 1985ರಲ್ಲಿ ಬಂದ ಇಂಟೆಲ್ 80386 ಸಂಸ್ಕಾರಕವು ಇಂಥವನಿಗೆ ಮನೆಯೊಳಗೊಂದು ಮನೆಯನ್ನು ಕಲ್ಪಿಸಿಕೊಡಬಲ್ಲದಾಗಿತ್ತು. ವಿಂಡೋಸ್ 95 ಮುಂತಾದವು ಆ ಉಪಾಯವನ್ನೇ ಬಳಸಿದವು. ಆದರೆ 64 ಬಿಟ್ಟಿನ ವಿಂಡೋಸಿನಲ್ಲಿ ಆ ಕೋಣೆಯಿಲ್ಲ. 2021ರ ವಿಂಡೋಸ್ 11ಕ್ಕಂತೂ 32 ಬಿಟ್ಟಿನ ಆವೃತ್ತಿಯೇ ಇಲ್ಲ.

ಆದುದರಿಂದ ರೋಗಲಕ್ಷಣವನ್ನು ನೋಡಿ ಮದ್ದು ಕೊಡಬೇಕು. ಎಲ್ಲಕ್ಕೂ ಮೊದಲು ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿ, ನಕಲಿನ ಮೇಲೆಯೇ ಪ್ರಯೋಗ ನಡೆಸಿರಿ, ಮೂಲವನ್ನು ಮುಟ್ಟದಿರಿ.

ಕ್ರಮವಿಧಿ ಏಳುವುದೇ ಇಲ್ಲವೆಂದರೆ ಡಾಸ್‌ಬಾಕ್ಸ್ ಅಥವಾ ವಿಡಾಸ್ ಎಂಬ ಸಾಧನವನ್ನು ಹಾಕಿಕೊಳ್ಳಿರಿ. ಅವು ಹಳೆಯ ಗಣಕವನ್ನೇ ಹೊಸದರೊಳಗೆ ನಟಿಸುತ್ತವೆ. ಲೆಕ್ಕಪತ್ರದಂಥ ಕೆಲಸಕ್ಕೆ ವಿಡಾಸ್ ಒಗ್ಗುತ್ತದೆ. ಹಳೆಯ ಮುದ್ರಣವನ್ನು ಅದು ಇಂದಿನ ಮುದ್ರಕಕ್ಕೆ ಕಳಿಸಿಕೊಡುತ್ತದೆ.

ಎದ್ದೊಡನೆ "ರನ್‌ಟೈಮ್ ಎರರ್ 200" ಎಂದು ಮಲಗಿದರೆ, ಅದು ಬಹುಶಃ ಟರ್ಬೋ ಪ್ಯಾಸ್ಕಲ್ ಭಾಷೆಯಲ್ಲಿ ಬರೆದದ್ದು. ಗಣಕದ ವೇಗವನ್ನಳೆಯಲು ಆರಂಭದಲ್ಲಿ ಅದು ಎಣಿಕೆಯೊಂದನ್ನು ಮಾಡುತ್ತದೆ. ಸುಮಾರು 200 ಮೆಗಾಹರ್ಟ್ಸ್ ದಾಟಿದ ಯಂತ್ರದಲ್ಲಿ ಆ ಎಣಿಕೆಯ ಫಲವು ಅದಕ್ಕೆಂದು ಇಟ್ಟ ಪಾತ್ರೆಯಲ್ಲಿ ಹಿಡಿಯದೆ ಉಕ್ಕುತ್ತದೆ. ಡಾಸ್‌ಬಾಕ್ಸಿನಲ್ಲಿ ವೇಗವನ್ನು ತಗ್ಗಿಸಿದರೆ ಈ ತೊಡಕು ನೀಗುವುದುಂಟು.

ಕ್ರಮವಿಧಿ ಸುಮ್ಮನಿದ್ದರೂ ಗಣಕದ ಫ್ಯಾನು ಭೋರಿಟ್ಟು ಉಳಿದ ಕೆಲಸಗಳು ತೆವಳುತ್ತಿದ್ದರೆ ಕಾರಣ ಬೇರೆ. ನೀವು ಕೀಲಿಯೊತ್ತಿದಿರೋ ಇಲ್ಲವೋ ಎಂದು ಅದು ಬಿಡುವಿಲ್ಲದೆ ಬಾಗಿಲಿಗೆ ಓಡಿ ನೋಡುತ್ತಿರುತ್ತದೆ. ಇದಕ್ಕೂ ವೇಗವನ್ನು ಮಿತಗೊಳಿಸುವುದೇ ಮದ್ದು.

ಇನ್ನು ನಮ್ಮ ಕಥೆಗೆ ಬರೋಣ. ವಿಡಾಸ್ ಹಾಕಿದ ಮೇಲೆ ಕ್ರಮವಿಧಿ ಎದ್ದಿತು. ಆದರೆ ಆ ತಾಯಿಯ ಹೆಸರಿನಲ್ಲಿ ಕೊನೆಯ ಎರಡು ಕಂತುಗಳು ಕಾಣಲಿಲ್ಲ! ಭಾವನವರ ಮುಖ ಬಾಡಿತು. ವಿಚಾರಿಸಲಾಗಿ, ಹಿಂದೆ ಗುಮಾಸ್ತರು ಒಂದೇ ಕ್ರಮವಿಧಿಯನ್ನು ಎರಡು ಕಿಟಕಿಗಳಲ್ಲಿ ತೆರೆದು, ಒಂದರಲ್ಲಿ ಜಮೆ ಬರೆಯುತ್ತ ಇನ್ನೊಂದರಲ್ಲಿ ಪಟ್ಟಿ ತೆಗೆಯುತ್ತಿದ್ದರೆಂದು ತಿಳಿಯಿತು. ತಾನೊಬ್ಬನೇ ಇರುವೆನೆಂದು ನಂಬಿದ ಕ್ರಮವಿಧಿ ಬೀಗ ಹಾಕಿಕೊಂಡಿರಲಿಲ್ಲ. ಎರಡೂ ಕಡೆಯಿಂದ ಬರೆದು ಸೂಚಿ ಕೆಟ್ಟಿತ್ತು. ಡಿಬೇಸ್ ಬಗೆಯ ಕಡತಗಳಲ್ಲಿ ದಾಖಲೆ ಬೇರೆ, ಅದನ್ನು ಹುಡುಕಿಕೊಡುವ ಸೂಚಿ ಬೇರೆ. ಸೂಚಿ ಕೆಟ್ಟರೆ ಇರುವ ದಾಖಲೆಯೂ ಇಲ್ಲದಂತೆ ತೋರುತ್ತದೆ. ಕ್ರಮವಿಧಿಯಲ್ಲಿಯೇ ಇದ್ದ "ರೀಇಂಡೆಕ್ಸ್" ಆಯ್ಕೆಯಿಂದ ಸೂಚಿಯನ್ನು ಹೊಸದಾಗಿ ಕಟ್ಟಿಸಿದೆ. ಎರಡು ಕಂತುಗಳೂ ಎದ್ದು ನಿಂತವು, ಬಾಕಿ ಸೊನ್ನೆ.

ಭಾವನವರು ಮಾತಾಡಲಿಲ್ಲ. ಸಂಜೆ ಆ ತಾಯಿಯ ಮನೆಗೆ ಹೋಗಿ, "ತಪ್ಪು ನಮ್ಮದಮ್ಮ" ಎಂದು ಹೇಳಿ ಬಂದರು.

ಗಡಿಯಾಚೆಯ ನಮ್ಮ ಮನೆಗಳಲ್ಲಿಯೂ ಮದುವೆಯ ಮುಯ್ಯಿಯ ಲೆಕ್ಕ, ವಂಶಾವಳಿ, ಚೀಟಿ ವ್ಯವಹಾರಗಳು ಹಳೆಯ ಗಣಕಗಳಲ್ಲಿ ಮಲಗಿರಬಹುದು. ಬಾಗಿಲು ತೆರೆದ ದಿನವೇ ಅವನ್ನು ಹೊರತೆಗೆಯಿರಿ. ಡಿಬೇಸ್ ಕಡತಗಳನ್ನು ಲಿಬ್ರೆಆಫೀಸ್ ಕ್ಯಾಲ್ಕ್ ನೇರವಾಗಿ ಓದಬಲ್ಲದು. ಹಾಗೆಯೇ, ಗಣಕವು "ಇಲ್ಲ" ಎಂದೊಡನೆ ಮನುಷ್ಯನ ಮಾತನ್ನು ಸುಳ್ಳೆನ್ನದಿರಿ. ಮೊದಲು ಸೂಚಿಯನ್ನು ಕಟ್ಟಿ ನೋಡಿರಿ.