ಸಿಂಗಾರ ಸಾಕು, ರಿಪೇರಿ ನಿಲ್ಲಿಸಬೇಡಿ

ಜುಲೈ ಕೊನೆಯ ವಾರ. ಮಧುಗಿರಿ ತಾಲ್ಲೂಕು ಕಚೇರಿಯ ಆಸುಪಾಸಿನ ಆನ್‌ಲೈನ್ ಅಂಗಡಿಗಳ ಮುಂದೆ ಕಡಲೆಕಾಯಿ ಬೆಳೆಗಾರರು ಸಾಲಾಗಿ ನಿಂತಿರುತ್ತಾರೆ. ಬೆಳೆ ವಿಮೆ ಕಟ್ಟುವ ಕೊನೆಯ ದಿನ ಹತ್ತಿರ ಬಂದಿರುತ್ತದೆ. ಕೈಯಲ್ಲಿ ಪಹಣಿ, ಆಧಾರ್, ಪಾಸ್‌ಬುಕ್ಕಿನ ಝೆರಾಕ್ಸ್. ಅಂಗಡಿಯ ಹುಡುಗ ಷಟರ್ ಎತ್ತಿ ಕಂಪ್ಯೂಟರ್ ಆನ್ ಮಾಡಿದರೆ ಪರದೆಯ ಮೇಲೆ ಬಿಳಿ ಚುಕ್ಕಿಗಳು ಗಾಣದೆತ್ತಿನ ಹಾಗೆ ಸುತ್ತುತ್ತಿರುತ್ತವೆ. ಅಪ್‌ಡೇಟ್ ನಡೆಯುತ್ತಿದೆ, ಶೇ 35 ಆಗಿದೆ, ಕಂಪ್ಯೂಟರ್ ಆಫ್ ಮಾಡಬೇಡಿ.

‘ಏನಪ್ಪಾ ಅದು, ಆಗ್ಲಿಂದ ಸುತ್ತುತಾನೇ ಐತೆ?’

‘ತಡಿ ತಾತ. ಅದು ಮುಗಿಸ್ಕೊಳ್ಳೋಗಂಟ ನಾವೇನೂ ಮಾಡಂಗಿಲ್ಲ.’

ಅಷ್ಟರಲ್ಲಿ ಕರೆಂಟ್ ಹೋದರೆ ಮುಗಿಯಿತು. ಯುಪಿಎಸ್ ಹತ್ತು ನಿಮಿಷ ಕಿರುಗುಟ್ಟಿ ಕೈಚೆಲ್ಲುತ್ತದೆ. ಕರೆಂಟ್ ಬಂದ ಮೇಲೆ ಅದೇ ಪರದೆಯಲ್ಲಿ ಇನ್ನೊಂದು ಸಾಲು ಮೂಡುತ್ತದೆ: ಮಾಡಿದ ಬದಲಾವಣೆಗಳನ್ನು ವಾಪಸ್ ತೆಗೆಯಲಾಗುತ್ತಿದೆ. ಶಿರಾ, ಕೊರಟಗೆರೆ, ಪಾವಗಡದಲ್ಲೂ ಇಂಥ ಅಂಗಡಿ ನಡೆಸುವವರಿಗೆ ಈ ದೃಶ್ಯ ಬಾಯಿಪಾಠ.

ಬೈಗುಳವೆಲ್ಲ ‘ಅಪ್‌ಡೇಟ್’ ಎಂಬ ಒಂದೇ ಪದದ ಮೇಲೆ ಬೀಳುತ್ತದೆ. ಆದರೆ ಆ ಪದದ ಹೊಟ್ಟೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು ರಿಪೇರಿ: ಕಳ್ಳರು ನುಗ್ಗುವ ಕಿಂಡಿ ಸಿಕ್ಕಾಗ ಅದನ್ನು ಮುಚ್ಚುವ ಕೆಲಸ. ಇನ್ನೊಂದು ಸಿಂಗಾರ: ಎಡಗಡೆ ಇದ್ದ ಬಟನ್ನನ್ನು ನಡುವಿಗೆ ತರುವುದು, ಯಾರೂ ಕೇಳದ ಹವಾಮಾನದ ಪಟ್ಟಿಯನ್ನು ಕೆಳಗೆ ಅಂಟಿಸುವುದು, ಮಾತಿಗೆ ಮಾತು ಕೊಡುವ ಕೃತಕ ಬುದ್ಧಿಯ ಕಿಟಕಿಯೊಂದನ್ನು ತೆರೆದಿಡುವುದು. ಜನ ರೇಗುವುದು ಸಿಂಗಾರಕ್ಕೆ. ಕಂಪನಿ ಕೊನೆಗೆ ಕಿತ್ತುಕೊಳ್ಳುವುದು ಮಾತ್ರ ರಿಪೇರಿಯನ್ನು.

ವಿಂಡೋಸ್ 10ರ ಹತ್ತು ವರ್ಷದ ಬಾಳನ್ನೇ ನೋಡಬಹುದು. 2015ರ ಜುಲೈ 29ಕ್ಕೆ ಅದು ಬರುವ ಮುಂಚೆಯೇ, ಇದೇ ಕಡೆಯ ವಿಂಡೋಸ್ ಎಂದು ಮೈಕ್ರೋಸಾಫ್ಟ್‌ನ ಉದ್ಯೋಗಿಯೊಬ್ಬರೇ ವೇದಿಕೆಯ ಮೇಲೆ ಹೇಳಿದ್ದರು. ಹಳೆಯ ವಿಂಡೋಸ್ 7, 8 ಇದ್ದವರಿಗೆ ಒಂದು ವರ್ಷ ಪುಕ್ಕಟೆ. ಪುಕ್ಕಟೆಯಾದರೂ ಬಲವಂತ ಮಾತ್ರ ಬಡ್ಡಿ ವಸೂಲಿಯವರಷ್ಟಿತ್ತು. ಬೇಡವೆಂದು ಮೂಲೆಯ ಇಂಟು ಗುರುತು ಒತ್ತಿದರೆ ಅದನ್ನೂ ಒಪ್ಪಿಗೆ ಎಂದೇ ಲೆಕ್ಕ ಹಾಕುತ್ತಿದ್ದ ಕಾಲವೊಂದಿತ್ತು. 2016ರ ಏಪ್ರಿಲ್‌ನಲ್ಲಿ ಅಮೆರಿಕದ ಅಯೋವಾದ ಟಿ.ವಿ. ವಾಹಿನಿಯೊಂದರಲ್ಲಿ ಹವಾಮಾನ ವರದಿ ನೇರ ಪ್ರಸಾರವಾಗುತ್ತಿದ್ದಾಗಲೇ ಮೋಡದ ನಕ್ಷೆಯ ಮೇಲೆ ‘ಅಪ್‌ಗ್ರೇಡ್ ಮಾಡಿಕೊಳ್ಳಿ’ ಎಂಬ ಚೀಟಿ ಹಾರಿ ಬಂದು ಕೂತಿತು. ಕ್ಯಾಲಿಫೋರ್ನಿಯಾದ ಟ್ರಾವೆಲ್ ಏಜೆಂಟ್ ಮಹಿಳೆಯೊಬ್ಬರು, ಕೇಳದೆಯೇ ಇಳಿದ ವಿಂಡೋಸ್ 10ರಿಂದ ತಮ್ಮ ಕೆಲಸ ಕೆಟ್ಟಿತೆಂದು ಕೋರ್ಟಿಗೆ ಹೋಗಿ 10,000 ಡಾಲರ್ ಪರಿಹಾರ ಗೆದ್ದರು.

ಆಮೇಲೆ ವರ್ಷಕ್ಕೆರಡು ಬಾರಿ ಸಿಂಗಾರದ ಸುಗ್ಗಿ. 2018ರ ಅಕ್ಟೋಬರ್‌ನ ಕಂತಂತೂ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಗುಡಿಸಿ ಹಾಕಿತು; ನಾಲ್ಕೇ ದಿನಕ್ಕೆ ಕಂಪನಿ ಅದರ ವಿತರಣೆ ನಿಲ್ಲಿಸಬೇಕಾಯಿತು. 2023ರ ಏಪ್ರಿಲ್‌ನಲ್ಲಿ ಪ್ರಕಟಣೆ ಬಂತು: ಹಿಂದಿನ ವರ್ಷ ಬಂದ 22ಎಚ್2 ಎಂಬುದೇ ಕೊನೆಯ ಕಂತು, ಇನ್ನು ವಿಂಡೋಸ್ 10ಕ್ಕೆ ಹೊಸ ಸೌಲಭ್ಯಗಳ ಅಪ್‌ಡೇಟ್ ಇಲ್ಲ, ರಿಪೇರಿ ಮಾತ್ರ, ಅದೂ 2025ರ ಅಕ್ಟೋಬರ್ 14ರವರೆಗೆ. ಪೇಟೆಯ ಪಂಡಿತರು ಇದನ್ನು ಕೆಟ್ಟ ಸುದ್ದಿಯೆಂದು ಬರೆದರು. ಬಳಸುವವನ ಲೆಕ್ಕದಲ್ಲಿ ವಿಂಡೋಸ್ 10 ನೆಮ್ಮದಿಯಿಂದ ಇದ್ದದ್ದು ಆ ಕೊನೆಯ ಎರಡು ಮೂರು ವರ್ಷ ಮಾತ್ರ. ಬಟನ್ ಜಾಗ ಬದಲಿಸಲಿಲ್ಲ. ಪ್ರಿಂಟರ್ ಇದ್ದಕ್ಕಿದ್ದಂತೆ ಮುನಿಸಿಕೊಳ್ಳುವುದು ಕಡಿಮೆಯಾಯಿತು. ಹೊಸತು ಬಹುಮಟ್ಟಿಗೆ ನಿಂತ ಮೇಲೆಯೇ ಹಳೆಯದು ಸರಿಯಾಗಿ ಕೆಲಸ ಮಾಡತೊಡಗಿತು.

ನಂತರ ರಿಪೇರಿಯೂ ನಿಂತಿತು.

ಹಾಗಾದರೆ ವಿಂಡೋಸ್ 11ಕ್ಕೆ ಹೋದರಾಯಿತಲ್ಲ ಎಂದರೆ, ಬಾಗಿಲಲ್ಲೇ ತಡೆ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಕಂಪನಿಯ ಪಟ್ಟಿಯಲ್ಲಿರಬೇಕು. ಇಂಟೆಲ್ ಆದರೆ ಹೆಚ್ಚು ಕಡಿಮೆ ಎಂಟನೇ ತಲೆಮಾರಿನಿಂದ ಈಚೆಯದು. ಮಧುಗಿರಿಯೂ ಸೇರಿ ಈ ನಾಲ್ಕು ತಾಲ್ಲೂಕುಗಳ ಅಂಗಡಿ, ಸೊಸೈಟಿ, ಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ಐ3 ಡಬ್ಬವನ್ನೇ ತೆಗೆದುಕೊಳ್ಳಿ. ಐ3-7100 ಮಾರುಕಟ್ಟೆಗೆ ಬಂದದ್ದು 2017ರ ಜನವರಿಯಲ್ಲಿ, ಐ3-8100 ಅದೇ ವರ್ಷದ ಅಕ್ಟೋಬರ್‌ನಲ್ಲಿ. ಮೊದಲನೆಯದು ಅನರ್ಹ, ಎರಡನೆಯದು ಅರ್ಹ. ಒಂಬತ್ತು ತಿಂಗಳ ಅಂತರ. ಪಹಣಿ ತೆಗೆಯುವ, ಅರ್ಜಿ ತುಂಬುವ, ಫೋಟೊ ಪ್ರಿಂಟ್ ಹಾಕುವ ಕೆಲಸಕ್ಕೆ ಇವೆರಡರಲ್ಲಿ ಯಾವುದು ಯಾವುದೆಂದು ಅದರ ಮುಂದೆ ಕೂತವನಿಗೂ ಗೊತ್ತಾಗದು. ಹೀಗೆ ಹೊರಗುಳಿದು ಗುಜರಿಗೆ ಸೇರಬಹುದಾದ ಕಂಪ್ಯೂಟರ್‌ಗಳು ಜಗತ್ತಿನಲ್ಲಿ 24 ಕೋಟಿ ಎಂದು ಕೆನಾಲಿಸ್ ಎಂಬ ಸಂಶೋಧನಾ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು.

ಕಂಪನಿಯ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಆ ಚಿಪ್ ಇದ್ದರೆ ಕಳ್ಳತನ ಕಷ್ಟ, ನಿಜ. ಹಳೆಯದಕ್ಕೆಲ್ಲ ಕಡೆತನಕ ತೇಪೆ ಹಾಕುತ್ತಾ ಕೂರಲು ಆಗದು, ಅದೂ ನಿಜ. ಆದರೆ ಮನಸ್ಸಿದ್ದರೆ ಆಗುತ್ತದೆ ಎನ್ನುವುದಕ್ಕೂ ದಾಖಲೆ ಇದೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಎಳ್ಳುನೀರು ಬಿಟ್ಟಿದ್ದ ಮೈಕ್ರೋಸಾಫ್ಟ್, 2017ರ ಮೇನಲ್ಲಿ ವನ್ನಾಕ್ರೈ ಎಂಬ ಸೈಬರ್ ದಾಳಿ ಆಸ್ಪತ್ರೆಗಳನ್ನೂ ಕಾರ್ಖಾನೆಗಳನ್ನೂ ಮಲಗಿಸಿದಾಗ ರಾತ್ರಿ ಬೆಳಗಾಗುವುದರೊಳಗೆ ಎಕ್ಸ್‌ಪಿಗೂ ತೇಪೆ ಬಿಡುಗಡೆ ಮಾಡಿತು. ವಿಂಡೋಸ್ 10ರ ತೇಪೆ ಈಗಲೂ ತಯಾರಾಗುತ್ತಲೇ ಇದೆ. ಯುರೋಪಿನ ಆರ್ಥಿಕ ವಲಯದ ಮನೆ ಬಳಕೆದಾರರಿಗೆ ಇನ್ನೊಂದು ವರ್ಷ ಉಚಿತ. ಉಳಿದವರು ಮೈಕ್ರೋಸಾಫ್ಟ್ ಖಾತೆ ತೆರೆದು ತಮ್ಮ ಸೆಟ್ಟಿಂಗ್‌ಗಳನ್ನು ಕಂಪನಿಯ ಕ್ಲೌಡ್‌ಗೆ ಒಪ್ಪಿಸಬೇಕು, ಇಲ್ಲವೇ ಕಂಪನಿಯ ರಿವಾರ್ಡ್ಸ್ ಅಂಕಗಳನ್ನೋ 30 ಡಾಲರನ್ನೋ ಕಟ್ಟಬೇಕು. ಕಚೇರಿ, ಕಂಪನಿಗಳಿಗೆ ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷ ವರ್ಷ ದುಪ್ಪಟ್ಟು. ಅಂದರೆ ಔಷಧ ಇದೆ, ಚೀಟಿಗೊಂದು ರೇಟು.

ಎಲ್ಲರಿಗೂ ಈ ಔಷಧ ಬೇಕೇ ಎಂಬುದು ಬೇರೆ ಮಾತು. ಶಿರಾದಲ್ಲೋ ಕೊರಟಗೆರೆಯಲ್ಲೋ ಲಗ್ನಪತ್ರಿಕೆ, ಕರಪತ್ರ ಮಾಡಿಕೊಡುವ ಪ್ರೆಸ್ಸುಗಳ ಕಡೆ ನೋಡಿ. ಅಲ್ಲಿನ ಡಿಟಿಪಿ ಕಂಪ್ಯೂಟರಿನಲ್ಲಿ ಇಂದಿಗೂ ಪೇಜ್‌ಮೇಕರ್ 7 ಸಿಕ್ಕಿದರೆ ಅಚ್ಚರಿಪಡಬೇಕಿಲ್ಲ. 2001ರಲ್ಲಿ ಬಂದ ತಂತ್ರಾಂಶ, ಆಮೇಲೆ ಅಡೋಬಿ ಅದನ್ನು ಬೆಳೆಸಲೇ ಇಲ್ಲ. ಜೊತೆಗೆ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳು. ಯೂನಿಕೋಡ್ ಬರುವ ಮುಂಚಿನ ಆ ಏರ್ಪಾಟಿನಲ್ಲಿ ಕಂಪ್ಯೂಟರ್ ಒಳಗೊಳಗೇ ಇಂಗ್ಲಿಷ್ ಅಕ್ಷರಗಳನ್ನೇ ಇಟ್ಟುಕೊಂಡು, ಮೇಲೆ ಕನ್ನಡದ ವೇಷ ಹಾಕಿಸುತ್ತದೆ. ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ವೇಷ ಕಳಚಿ, ಟೊಪ್ಪಿ ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ ಕಾಣುತ್ತದೆ. ‘ಚಿ. ಸೌ.’ ಎಂಬುದೂ ಓದಲು ಬಾರದು. ಇಪ್ಪತ್ತು ವರ್ಷದ ಲಗ್ನಪತ್ರಿಕೆ, ತಿಥಿ ಕಾರ್ಡುಗಳ ಮಾದರಿಗಳೆಲ್ಲ ಹೀಗೇ ಕೂತಿರುವಾಗ, ಅಡೋಬಿಯ ಇನ್‌ಡಿಸೈನ್ 2012ರಿಂದಲೇ ಕನ್ನಡ ಯೂನಿಕೋಡನ್ನು ಸರಿಯಾಗಿ ಜೋಡಿಸುತ್ತದೆ ಎಂದರೆ ಪ್ರೆಸ್ಸಿನವರು ನಕ್ಕು ಸುಮ್ಮನಾಗುತ್ತಾರೆ. ತಿಂಗಳ ಬಾಡಿಗೆ ಕಟ್ಟಿ ಬಳಸಬೇಕಾದ ಇನ್‌ಡಿಸೈನ್, ಮದುವೆ ಸೀಸನ್ನಿನ ದುಡಿಮೆಗೆ ಭಾರ. ಅವರ ನಗು ತಪ್ಪಲ್ಲ. ಅವರು ಇಂಟರ್ನೆಟ್ ವೈರ್ ಕಿತ್ತು, ಪೆನ್ ಡ್ರೈವ್ ಕಡೆ ಒಂದು ಕಣ್ಣಿಟ್ಟು, ಹಳೆಯದರಲ್ಲೇ ಇನ್ನೂ ಹತ್ತು ವರ್ಷ ತಳ್ಳಬಹುದು.

ಯೂನಿಕೋಡ್‌ಗೆ ಬಂದವರೂ ಪೆಟ್ಟು ತಿಂದಿದ್ದಾರೆ. ಎಕ್ಸ್‌ಪಿ ಕಾಲದಿಂದ ವಿಂಡೋಸ್‌ನ ಕನ್ನಡ ಎಂದರೆ ತುಂಗಾ, ಹೊಳೆಯ ಹೆಸರಿನ ಫಾಂಟ್. ವಿಂಡೋಸ್ 10ರಲ್ಲಿ ಅದನ್ನು ಎತ್ತಿ ಐಚ್ಛಿಕ ಸೌಲಭ್ಯಗಳ ಅಟ್ಟದಲ್ಲಿಟ್ಟು, ನಿರ್ಮಲಾ ಎಂಬುದನ್ನು ಪಟ್ಟಕ್ಕೇರಿಸಿದರು. ತುಂಗಾದಲ್ಲಿ ಒಂದೇ ಪುಟಕ್ಕೆ ಕೂರಿಸಿದ್ದ ಅರ್ಜಿ ಹೊಸ ಕಂಪ್ಯೂಟರಿನಲ್ಲಿ ಸಾಲು ಮುರಿದು, ಅರ್ಜಿದಾರರ ಸಹಿ ಎರಡನೇ ಪುಟದಲ್ಲಿ ಒಂಟಿಯಾಗಿ ನಿಲ್ಲುವುದು ಇದರ ಫಲ. ಅಟ್ಟದಿಂದ ಇಳಿಸಿಕೊಳ್ಳುವ ದಾರಿ ಸೆಟ್ಟಿಂಗ್ಸ್‌ನಲ್ಲಿದೆ. ಆ ದಾರಿಯನ್ನು ಯಾವ ಅಪ್‌ಡೇಟೂ ಹೇಳಿಕೊಡಲಿಲ್ಲ.

ಆನ್‌ಲೈನ್ ಅಂಗಡಿಯವನಿಗೆ ಪ್ರೆಸ್ಸಿನವರ ಸ್ವಾತಂತ್ರ್ಯವಿಲ್ಲ. ಅವನ ಯಂತ್ರದ ಮೂಲಕ ದಿನಕ್ಕೆ ಹತ್ತಾರು ಜನರ ಆಧಾರ್, ಖಾತೆ ಸಂಖ್ಯೆ, ಹೆಬ್ಬೆರಳು ಹಾದುಹೋಗುತ್ತವೆ. ಕಿಂಡಿ ಮುಚ್ಚದ ಕಂಪ್ಯೂಟರ್ ಅವನಿಗಿಂತ ಹೆಚ್ಚಾಗಿ ಸಾಲಿನಲ್ಲಿ ನಿಂತವರಿಗೆ ಅಪಾಯ. ಬೆರಳಚ್ಚು ಯಂತ್ರದ್ದೂ ಇದೇ ಪಾಡು: ಆಧಾರ್ ಪ್ರಾಧಿಕಾರ ಎಲ್0 ದರ್ಜೆಯಿಂದ ಎಲ್1 ದರ್ಜೆಗೆ ಬದಲಾಗಿ ಎಂದಾಗ, ಚೆನ್ನಾಗಿಯೇ ಇದ್ದ ಹಳೆಯವು ಮೂಲೆ ಸೇರಿದವು. ಅದು ಭದ್ರತೆಗಾಗಿಯೇ ಮಾಡಿದ ಬದಲಾವಣೆ, ಸರಿಯಾದದ್ದೇ. ಖರ್ಚು ಮಾತ್ರ ಅಂಗಡಿಯವನ ಜೇಬಿನದು. ಇನ್ನು ಸಾಲಿನಲ್ಲಿ ನಿಂತವರ ಕೈಯಲ್ಲಿದ್ದ ಜಿಯೋಫೋನ್: 2018ರಲ್ಲಿ ವಾಟ್ಸ್‌ಆ್ಯಪ್ ಬಂತೆಂದು ಹಿಗ್ಗಿದವರಿಗೆ 2025ರ ಹೊತ್ತಿಗೆ ಆ ವಾಟ್ಸ್‌ಆ್ಯಪೂ ಕೈಕೊಟ್ಟಿತು. ಫೋನು ಕೆಟ್ಟಿರಲಿಲ್ಲ.

ಶಾಲೆಗಳ ವಿಚಾರಕ್ಕೆ ಬರೋಣ. ಈ ನಾಲ್ಕೂ ತಾಲ್ಲೂಕುಗಳು ಸೇರಿದ್ದೇ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಉಪನಿರ್ದೇಶಕರ ಕಚೇರಿ ಮಧುಗಿರಿಯಲ್ಲಿದೆ. ಮಕ್ಕಳ ದಾಖಲಾತಿಯ ಸ್ಯಾಟ್ಸ್, ಕೇಂದ್ರದ ಯುಡೈಸ್, ಎಲ್ಲವೂ ಆನ್‌ಲೈನ್. ವಿಂಡೋಸ್ 10ರ ಮುಂದುವರಿದ ತೇಪೆಗೆ ಶಾಲೆಗಳಿಗೆ ಮೈಕ್ರೋಸಾಫ್ಟ್ ಇಟ್ಟಿರುವ ದರ ಮೊದಲ ವರ್ಷ ಯಂತ್ರಕ್ಕೆ ಒಂದು ಡಾಲರ್, ಎರಡನೇ ವರ್ಷ ಎರಡು, ಮೂರನೇ ವರ್ಷ ನಾಲ್ಕು. ಒಂದು ಡಾಲರ್ ಎಂದರೆ ಸೀಮೆಸುಣ್ಣದ ಖರ್ಚು. ಆದರೆ ಅದನ್ನು ಸಗಟು ಪರವಾನಗಿಯ ಮೂಲಕ ಕೊಳ್ಳಬೇಕು. ಪಾವಗಡದ ಗಡಿಯ ಹಳ್ಳಿಯೊಂದರ ಮುಖ್ಯ ಶಿಕ್ಷಕರು ಆ ಬಾಗಿಲನ್ನು ತಟ್ಟಲಾರರು, ಇಲಾಖೆಯೇ ತಟ್ಟಬೇಕು.

ಇಲಾಖೆಗೆ ಇನ್ನೊಂದು ದಾರಿಯೂ ಇದೆ, ಅದನ್ನು ಕನ್ನಡದ ಮಕ್ಕಳೇ ತುಳಿದಿದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ವಿಂಡೋಸ್‌ನಲ್ಲಲ್ಲ. ಕೇರಳದ ಐಟಿ@ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂಬ ಹೆಸರಿನ ಸಂಸ್ಥೆ, ಲಿನಕ್ಸ್ ಆಧರಿಸಿದ ತನ್ನದೇ ವ್ಯವಸ್ಥೆಯನ್ನು ಶಾಲೆಗಳಿಗೆ ಕೊಡುತ್ತದೆ. 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಅದನ್ನು ಹಾಕಿ 3,000 ಕೋಟಿ ರೂಪಾಯಿ ಉಳಿಸಿದೆವೆಂದು ಆ ರಾಜ್ಯ ಲೆಕ್ಕ ಕೊಟ್ಟಿತು. ಲೆಕ್ಕ ಕೊಂಚ ಧಾರಾಳ ಎನಿಸಿದರೂ ಕೆಲಸ ಸುಳ್ಳಲ್ಲ. ಲಿನಕ್ಸ್‌ಗೂ ಮುಕ್ತಾಯದ ದಿನಾಂಕಗಳಿವೆ: 2019ರ ಆವೃತ್ತಿಗೆ ಬುನಾದಿಯಾಗಿದ್ದ ಉಬುಂಟು 18.04ರ ಐದು ವರ್ಷದ ಅವಧಿ 2023ಕ್ಕೆ ಮುಗಿಯಿತು, ಅವರು 22.04ಕ್ಕೆ ಹೋದರು. ಹೋಗುವಾಗ ಪ್ರೊಸೆಸರ್ ಯಾವ ತಿಂಗಳು ಹುಟ್ಟಿತೆಂದು ಯಾರೂ ಕೇಳಲಿಲ್ಲ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೂ ಲಿನಕ್ಸ್‌ನಲ್ಲಿ ಸಿದ್ಧವಾಗಿದೆ. ಬೆರಳಚ್ಚು ಯಂತ್ರಗಳು ಇನ್ನೂ ಬಹುತೇಕ ವಿಂಡೋಸನ್ನೋ ಆಂಡ್ರಾಯ್ಡನ್ನೋ ಕೇಳುವುದರಿಂದ ಅಂಗಡಿಯವನಿಗೆ ಈ ದಾರಿ ಸದ್ಯಕ್ಕೆ ಅರ್ಧ ಮುಚ್ಚಿದೆ. ಶಾಲೆಯ ಲ್ಯಾಬಿಗೆ ಅಂಥ ತೊಡಕಿಲ್ಲ.

ಕಾನೂನಿನ ಕಡೆಯಿಂದಲೂ ಒತ್ತಾಯ ಸಾಧ್ಯ. 2025ರ ಜೂನ್ 20ರಿಂದ ಯುರೋಪಿನಲ್ಲಿ ಒಂದು ಮಾದರಿಯ ಫೋನಿನ ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್ ಕೊಡಬೇಕೆಂಬ ನಿಯಮ ಜಾರಿಯಲ್ಲಿದೆ. ನಮ್ಮಲ್ಲೂ ಮೊಬೈಲ್ ಮತ್ತು ಮನೆಬಳಕೆಯ ವಸ್ತುಗಳಿಗೆ ರಿಪೇರಿ ಸೂಚ್ಯಂಕ ಕೊಡುವ ಕುರಿತ ಸಮಿತಿ 2025ರ ಮೇನಲ್ಲಿ ಕೇಂದ್ರಕ್ಕೆ ವರದಿ ಸಲ್ಲಿಸಿದೆ. ಸಾಫ್ಟ್‌ವೇರ್ ಅಪ್‌ಡೇಟೂ ಅದರ ಅಳತೆಗೋಲುಗಳಲ್ಲಿ ಒಂದು. ಕಂಪ್ಯೂಟರನ್ನೂ ಅದಕ್ಕೆ ಸೇರಿಸಬೇಕು. ಸಿಂಗಾರದ ಅಪ್‌ಡೇಟ್ ಬೇರೆ, ರಿಪೇರಿಯ ಅಪ್‌ಡೇಟ್ ಬೇರೆ ಎಂದು ಬಾಕ್ಸಿನ ಮೇಲೆಯೇ ಎರಡು ದಿನಾಂಕ ಅಚ್ಚಾಗಬೇಕು, ಔಷಧದ ಪಟ್ಟಿಯ ಬೆನ್ನಿನಲ್ಲಿ ಇರುವ ಹಾಗೆ. ಸರ್ಕಾರಿ ಟೆಂಡರುಗಳಲ್ಲಿ ಎಷ್ಟು ಜಿಬಿ ಎಂದು ಕೇಳುವ ಕಡೆಯೇ ಎಷ್ಟು ವರ್ಷ ರಿಪೇರಿ ಎಂದೂ ಕೇಳಬೇಕು.

ಮನೆ ಬಳಕೆದಾರರ ಹೆಚ್ಚುವರಿ ಕಂತು ಮುಗಿಯುವುದು 2026ರ ಅಕ್ಟೋಬರ್ 13ಕ್ಕೆ. ಶಾಲೆಗಳ ದಾರಿ ಆರಿಸಲು ಮಧುಗಿರಿಯ ಉಪನಿರ್ದೇಶಕರ ಕಚೇರಿಗೆ ಬೇಕಾದ ಮೊದಲ ಕಾಗದ ಯಾವ ಶಾಲೆಯಲ್ಲಿ ಯಾವ ಪ್ರೊಸೆಸರ್ ಇದೆ ಎಂಬ ಪಟ್ಟಿ. ಕಂಪ್ಯೂಟರಿನ ಪ್ರಾಪರ್ಟೀಸ್ ತೆರೆದರೆ ಹೆಸರು ಕಾಣುತ್ತದೆ; ಐ3ರ ಪಕ್ಕದ ಗೆರೆ ದಾಟಿದ ಮೇಲೆ ಏಳರಿಂದ ಶುರುವೋ ಎಂಟರಿಂದ ಶುರುವೋ ನೋಡಿ ಬರೆದರೆ ಸಾಕು. ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಮಕ್ಕಳು ಬಾಳೆಹಣ್ಣು ತಿಂದರು ಎಂಬ ಲೆಕ್ಕ ಕೊಟ್ಟು ಪಳಗಿದ ಮುಖ್ಯ ಶಿಕ್ಷಕರಿಗೆ ಇದು ಇನ್ನೊಂದು ಕಾಲಂ, ಮಧ್ಯಾಹ್ನದ ಊಟದ ಗಂಟೆ ಹೊಡೆಯುವುದರೊಳಗೆ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುತ್ತದೆ.