ಮೊದಲು ಆಟ ಯಾವುದು ಹೇಳಿ, ಆಮೇಲೆ ಕ್ಯಾಮೆರಾ

ಮಕ್ಕಳೇ, ಈ ವಾರ ಓದುವಾಗ ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇಟ್ಟುಕೊಳ್ಳಿ. ಅಜ್ಜ ಅಜ್ಜಿಯರು ಕನ್ನಡಕ ಹುಡುಕಿಕೊಳ್ಳಲಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ಕ್ಯಾಮೆರಾದ ಬಗ್ಗೆ ಬರೆದರೂ ಅದು ಕಡೆಗೆ ಲೆಕ್ಕವೇ ಆಗುತ್ತದೆ, ಏನು ಮಾಡುವುದು!

ಎಂಟನೆಯ ತರಗತಿಯಲ್ಲಿರುವ ನಮ್ಮ ಮೊಮ್ಮಗಳಿಗೆ ಪ್ರೊ ಕಬಡ್ಡಿ ಎಂದರೆ ಪ್ರಾಣ. ಬೆಂಗಳೂರು ಬುಲ್ಸ್ ಆಟವಿದ್ದ ರಾತ್ರಿ ನಮ್ಮ ಮನೆಯಲ್ಲಿ ಊಟ ಟಿ.ವಿ. ಮುಂದೆಯೇ. ತಾನೂ ಶಾಲೆಯ ತಂಡದಲ್ಲಿದ್ದಾಳೆ, ಆದರೆ ಅಂಗಣಕ್ಕಿಂತ ಹೊರಗೆ ಕೂಡುವುದೇ ಹೆಚ್ಚು. ಹೊರಗೆ ಕೂತವಳಿಗೆ ಫೋಟೊ ತೆಗೆಯುವ ಹುಚ್ಚು ಹತ್ತಿದೆ. ತೊಗರಿ ಮಾರಿದ ರೊಕ್ಕದಲ್ಲಿ ಇಪ್ಪತ್ತು ಸಾವಿರವನ್ನು ಅವಳಪ್ಪ ಕ್ಯಾಮೆರಾಕ್ಕೆಂದು ತೆಗೆದಿಟ್ಟಿದ್ದಾನೆ. ನಮ್ಮಂಥ ಮನೆಗೆ ಅದು ಸಣ್ಣ ಮೊತ್ತವಲ್ಲ. ಅವಳ ಆಯಿಯ ಲೆಕ್ಕವೇ ಬೇರೆ: "ಆ ರೊಕ್ಕದಾಗ ಹೊಲಿಗಿ ಮಷಿನ್ ಬಂದು ಮ್ಯಾಲ ಉಳೀತದ."

"ಮುತ್ಯಾ, ನೀನೇ ಹೇಳು, ಯಾವ ಕ್ಯಾಮೆರಾ ತಗೋಬೇಕು?" ಎಂದು ಮೊಮ್ಮಗಳು ನನ್ನ ಕಡೆ ತಿರುಗಿದಳು.

"ಯಾವ ಆಟಕ್ಕ?"

"ಎಲ್ಲಾ ಆಟಕ್ಕ."

ತೊಡಕು ಶುರುವಾಗುವುದೇ ಇಲ್ಲಿ. ಇಪ್ಪತ್ತು ಸಾವಿರಕ್ಕೆ ಎಲ್ಲ ಆಟಕ್ಕೂ ಒದಗುವ ಕ್ಯಾಮೆರಾ ಇಲ್ಲ. ಯಾಕೆಂದು ಕೂಡಿಸಿ ಕಳೆದು ನೋಡೋಣ.

ಕ್ಯಾಮೆರಾದ ಲೆನ್ಸಿನ ಮೇಲೆ 50 ಮಿ.ಮೀ., 300 ಮಿ.ಮೀ. ಎಂದೆಲ್ಲ ಬರೆದಿರುತ್ತದೆ. ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಸಂಗಮದೂರ ಎಂದು ಓದುತ್ತೀರಲ್ಲ, ಅದೇ ಇದು. ಆಟಗಾರನ ಎತ್ತರವನ್ನು ಈ ಸಂಖ್ಯೆಯಿಂದ ಗುಣಿಸಿ, ಅವನು ನಿಮ್ಮಿಂದ ಎಷ್ಟು ದೂರ ನಿಂತಿದ್ದಾನೋ ಅದರಿಂದ ಭಾಗಿಸಿ. ಕ್ಯಾಮೆರಾದೊಳಗೆ ಬೀಳುವ ಬಿಂಬದ ಎತ್ತರ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ಬೌಂಡರಿ ಗೆರೆಯಾಚೆ ನಿಂತವರಿಗೆ ಬ್ಯಾಟ್ಸ್‌ಮನ್ 70 ಮೀಟರ್ ದೂರದಲ್ಲಿದ್ದಾನೆ ಎನ್ನಿ. ಎತ್ತರ 1.75 ಮೀಟರ್, ಲೆನ್ಸು 50 ಮಿ.ಮೀ. ಬಂದ ಉತ್ತರ 1.25 ಮಿ.ಮೀ. ಸಾಸಿವೆ ಕಾಳಿನಷ್ಟು! ಅದೇ ಲೆನ್ಸು ಹಿಡಿದು ಕಬಡ್ಡಿ ಅಂಗಣದ ಅಂಚಿಗೆ ಬಂದು ಕೂಡ್ರಿ. ರೇಡರ್ 7 ಮೀಟರ್ ದೂರದಲ್ಲಿದ್ದರೆ ಬಿಂಬ 12.5 ಮಿ.ಮೀ. ಹತ್ತು ಪಟ್ಟು.

ಗಂಡಸರ ಕಬಡ್ಡಿ ಅಂಗಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಎಷ್ಟೇ ಓಡಿದರೂ ರೇಡರ್ ನಮ್ಮ ಕಣ್ಣಳತೆಯಲ್ಲೇ ಇರುತ್ತಾನೆ. ಕ್ರಿಕೆಟ್ ಹಾಗಲ್ಲ. ಅಲ್ಲಿ ಬ್ಯಾಟ್ಸ್‌ಮನ್‌ನನ್ನು ಇಷ್ಟೇ ದೊಡ್ಡದಾಗಿ ಹಿಡಿಯಲು 500 ಮಿ.ಮೀ. ಲೆನ್ಸು ಬೇಕು. ವಿಶ್ವಕಪ್ ಪಂದ್ಯಗಳಲ್ಲಿ ಫೋಟೊಗ್ರಾಫರುಗಳು ಬೌಂಡರಿಯ ಹೊರಗೆ ತೋಪಿನಂಥದ್ದನ್ನು ಕೋಲಿನ ಮೇಲೆ ನಿಲ್ಲಿಸಿಕೊಂಡು ಕೂತಿರುತ್ತಾರಲ್ಲ, ಅಂಥದ್ದು. ಅವುಗಳಲ್ಲಿ ಕೆಲವಕ್ಕೆ ಹಲವು ಲಕ್ಷ ರೂಪಾಯಿ. ನಮ್ಮ ತೊಗರಿಯ ಲೆಕ್ಕಕ್ಕೆ ಅದು ಬರುವುದಿಲ್ಲ.

ಇನ್ನೊಂದು ಸಂಗತಿ. ಐಪಿಎಲ್‌ನಂಥ ಪಂದ್ಯಗಳಿಗೆ ಟಿಕೆಟ್ ಕೊಂಡು ಹೋದವರನ್ನು ಸಾಮಾನ್ಯವಾಗಿ ಕ್ಯಾಮೆರಾ ಸಮೇತ ಒಳಗೆ ಬಿಡುವುದೇ ಇಲ್ಲ. ಅಂದರೆ ದೊಡ್ಡ ಆಟಗಾರರ ಫೋಟೊ ತೆಗೆಯುತ್ತೇನೆಂದು ಕ್ಯಾಮೆರಾ ಕೊಳ್ಳುವುದು ವ್ಯರ್ಥ. ಅವರ ಆಟವನ್ನು ಟಿ.ವಿ.ಯಲ್ಲಿ ನೋಡಿ, ಕಣ್ಣು ಪಳಗಿಸಿಕೊಂಡು, ನಿಮ್ಮ ಶಾಲೆಯ ಬಯಲಿನಲ್ಲಿ ಫೋಟೊ ತೆಗೆಯಿರಿ. ಅಲ್ಲಿ ನಿಮ್ಮನ್ನು ತಡೆಯುವ ಕಾವಲುಗಾರ ಯಾರೂ ಇಲ್ಲ.

ಆಟ ನೋಡುವುದಕ್ಕೂ ಫೋಟೊಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧವೆಲ್ಲ ಅಲ್ಲೇ ಇದೆ. 1999ರ ಫೆಬ್ರುವರಿ 7ರಂದು ದಿಲ್ಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ನಮ್ಮ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದರು, 74 ರನ್ನಿಗೆ. ಹತ್ತನೆಯವನು ವಾಸಿಂ ಅಕ್ರಂ. ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ಲಕ್ಷ್ಮಣ್ ಕ್ಯಾಚ್ ಹಿಡಿದರು. ಇನ್ನೊಂದು ತುದಿಯಿಂದ ನಮ್ಮವರೇ ಆದ ಜಾವಗಲ್ ಶ್ರೀನಾಥ್ ತಮಗೆ ವಿಕೆಟ್ ಬೀಳದಿರಲಿ ಎಂದು ಚೆಂಡನ್ನು ಸ್ಟಂಪಿನಿಂದ ದೂರ ದೂರ ಎಸೆಯುತ್ತಿದ್ದರು. ಆಟ ಬಲ್ಲವನಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ: ವಿಕೆಟ್ ಬೀಳುವುದು ಕುಂಬ್ಳೆಯ ಓವರಿನಲ್ಲಿ, ಕ್ಯಾಚಾದರೆ ಬ್ಯಾಟಿನ ಹತ್ತಿರವೇ. ಅಂಥವನ ಕ್ಯಾಮೆರಾ ಮೊದಲೇ ಆ ಕಡೆ ತಿರುಗಿರುತ್ತದೆ. ಆಟ ಬಾರದವನು ಗದ್ದಲ ಕೇಳಿದ ಮೇಲೆ ತಿರುಗುತ್ತಾನೆ. ಅವನ ಕೈಯಲ್ಲಿ ಎಷ್ಟು ಲಕ್ಷದ ಕ್ಯಾಮೆರಾ ಇದ್ದರೇನು?

ಕಬಡ್ಡಿಯಲ್ಲೂ ಹಾಗೆಯೇ. ರೇಡಿಗೆ 30 ಸೆಕೆಂಡು. ಸತತ ಎರಡು ರೇಡು ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ. ಅದರಲ್ಲಿ ಏನಾದರೂ ಆಗಲೇಬೇಕು, ಪಾಯಿಂಟ್ ತರಬೇಕು, ಇಲ್ಲವೆಂದರೆ ರೇಡರ್ ಔಟ್. ಟಿ.ವಿ. ಮುಂದೆ ಕೂತಾಗ ಖಾಲಿ ರೇಡು ಎಣಿಸುವುದನ್ನು ಮೊಮ್ಮಗಳಿಗೆ ಹೇಳಿಕೊಟ್ಟೆ. ಈಗ ಅವಳೇ ನನಗಿಂತ ಮೊದಲು, "ಮುತ್ಯಾ, ಇದು ಮೂರನೇದು, ನೋಡು" ಎನ್ನುತ್ತಾಳೆ. ಮೂಲೆಯ ಡಿಫೆಂಡರ್‌ನ ಮೊಣಕಾಲು ಬಾಗಿತೆಂದರೆ ಅವನು ಕಾಲಿಗೆ ಬೀಳುವವನೇ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತಲ್ಲ, ಆ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರದೇ 22 ಪಾಯಿಂಟು. ಅದನ್ನು ಮತ್ತೆ ನೋಡಲು ಸಿಕ್ಕರೆ ಒಮ್ಮೆ ಅವರನ್ನು ಬಿಟ್ಟು ಎದುರಿನವರ ಕಾಲುಗಳನ್ನಷ್ಟೇ ನೋಡಿ. ಬೇರೆಯದೇ ಆಟ ಕಾಣುತ್ತದೆ.

ನಮ್ಮ ಕಾಲದವರು ಆಟವನ್ನು ಕಿವಿಯಿಂದ ನೋಡಿದವರು. 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ಗುಂಡಪ್ಪ ವಿಶ್ವನಾಥ್ ವೆಸ್ಟ್ ಇಂಡೀಸ್‌ನ ಆ್ಯಂಡಿ ರಾಬರ್ಟ್ಸ್ ಎದುರು ಔಟಾಗದೆ 97 ಹೊಡೆದದ್ದು ನಮಗೆ ಬಂದದ್ದು ರೇಡಿಯೊದಲ್ಲಿ. ಫೋಟೊ ನೋಡಬೇಕೆಂದರೆ ಮರುದಿನ ಪತ್ರಿಕೆ ಹೊತ್ತ ಬಸ್ಸು ಬರುವ ತನಕ ಕಾಯಬೇಕಿತ್ತು. ಈಗಿನವರಿಗೆ ಆ ಕಾಯುವಿಕೆ ಬೇಡ, ಅದರ ಸುಖವೂ ಇಲ್ಲ. ಇರಲಿ.

ಈಗ ವೇಳೆಯ ಲೆಕ್ಕ. ಫೋಟೊ ತೆಗೆದಾಗ ಕ್ಯಾಮೆರಾದ ಬಾಗಿಲು ಒಂದು ಚಣ ತೆರೆದು ಮುಚ್ಚುತ್ತದೆ. ಅದೇ ಶಟರ್ ವೇಗ. ಚೆಂಡು ಗಂಟೆಗೆ 90 ಕಿ.ಮೀ. ವೇಗದಲ್ಲಿ ಬರುತ್ತಿದ್ದರೆ ಸೆಕೆಂಡಿಗೆ 25 ಮೀಟರ್ ಆಯಿತು. ಬಾಗಿಲು ಸೆಕೆಂಡಿನ 50ರಲ್ಲಿ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಚೆಂಡು ಅರ್ಧ ಮೀಟರ್ ಸಾಗಿರುತ್ತದೆ. ಫೋಟೊದಲ್ಲಿ ಚೆಂಡಿಲ್ಲ, ಬರೀ ಗೀರು. 1000ದಲ್ಲಿ ಒಂದು ಭಾಗ ತೆರೆದರೆ ಎರಡೂವರೆ ಸೆಂಟಿಮೀಟರ್ ಮಾತ್ರ. ಓಡುವ ಹುಡುಗಿ ಸೆಕೆಂಡಿಗೆ 5 ಮೀಟರ್ ಓಡುತ್ತಾಳೆ ಎನ್ನಿ. ಅವಳಿಗೆ 500ರಲ್ಲಿ ಒಂದು ಭಾಗ ಇಟ್ಟರೆ ಒಂದು ಸೆಂಟಿಮೀಟರ್. ಸಾಕು, ಮುಖ ಸ್ಪಷ್ಟ ಬರುತ್ತದೆ.

ಆದರೆ ಬಾಗಿಲು ಬೇಗ ಮುಚ್ಚಿದಷ್ಟೂ ಬೆಳಕು ಕಡಿಮೆ ಒಳಗೆ ಬರುತ್ತದೆ. ಹಗಲಲ್ಲಿ ತೊಂದರೆಯಿಲ್ಲ, ನಮ್ಮ ಆಳಂದ ಸೀಮೆಯಲ್ಲಿ ಬಿಸಿಲಿಗೆ ಬರವೇ? ಸಂಜೆ ಬಲ್ಬು ಕಟ್ಟಿ ಆಡಿಸುವ ಪಂದ್ಯಗಳಲ್ಲೇ ಕಷ್ಟ. ಅದಕ್ಕೆ ಎರಡು ಸಂಗತಿ ನೋಡಬೇಕು. ಒಂದು, ಲೆನ್ಸಿನ ಬಾಯಿ. ಅದರ ಮೇಲೆ ಎಫ್ ಎಂಬ ಅಕ್ಷರದ ಮುಂದಿನ ಸಂಖ್ಯೆ ಚಿಕ್ಕದಿದ್ದಷ್ಟೂ ಬಾಯಿ ದೊಡ್ಡದು, 5.6ಕ್ಕಿಂತ 2.8ರಲ್ಲಿ ನಾಲ್ಕು ಪಟ್ಟು ಬೆಳಕು. ಎರಡು, ಒಳಗಿನ ಸೆನ್ಸರ್. ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟ, ಒಂದು ಪರಾತ ಇಟ್ಟು ನೋಡಿ, ಯಾವುದರಲ್ಲಿ ಹೆಚ್ಚು ನೀರು? ಬೆಳಕೂ ಹಾಗೆಯೇ. ಜೇಬಿನಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾಗಳಲ್ಲಿ ಅನೇಕವುಗಳ ಸೆನ್ಸರ್ ಸುಮಾರು 6 ಮಿ.ಮೀ. ಉದ್ದ, 4.5 ಅಗಲ: 27 ಚದರ ಮಿ.ಮೀ. ಸಾಧಾರಣ ಡಿ.ಎಸ್.ಎಲ್.ಆರ್.ನಲ್ಲಿ ಸುಮಾರು 23ಕ್ಕೆ 15: 345. ಹದಿಮೂರು ಪಟ್ಟು.

ಅಂಗಡಿಯವರು ಮಾತ್ರ ಇವೆರಡನ್ನೂ ಬಿಟ್ಟು ಮೆಗಾಪಿಕ್ಸೆಲ್ ಎಂದು ಕೂಗುತ್ತಾರೆ. 6ಕ್ಕೆ 4 ಇಂಚಿನ ಫೋಟೊ ಚೆನ್ನಾಗಿ ಅಚ್ಚಾಗಲು ಇಂಚಿಗೆ 300 ಚುಕ್ಕೆ ಸಾಕು. 1800ನ್ನು 1200ರಿಂದ ಗುಣಿಸಿ: 21 ಲಕ್ಷ 60 ಸಾವಿರ. ಎರಡು ಮೆಗಾಪಿಕ್ಸೆಲ್ ಚಿಲ್ಲರೆ! ಹತ್ತು ವರ್ಷ ಹಳೆಯ ಕ್ಯಾಮೆರಾದಲ್ಲೂ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿದ್ದ ಚುಕ್ಕೆ ಬರೀ ಹತ್ತು ಸಾವಿರ. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಹಿಡಿಯುತ್ತಿತ್ತು. ಅಷ್ಟರಲ್ಲಿ ನಮ್ಮ ರೇಡರ್ ಮುಟ್ಟಿ, ಬಿದ್ದು, ಎದ್ದು, ಗೆರೆಯ ಹತ್ತಿರ ಬಂದಿರುತ್ತಾನೆ.

ಫೋನೇ ಸಾಲದೇ ಎಂದು ಹಿರಿಯರು ಕೇಳುತ್ತಾರೆ. ತಂಡದವರು ಸಾಲಾಗಿ ನಿಂತ ಫೋಟೊ, ಬಹುಮಾನ ಕೊಡುವ ಫೋಟೊ ಇಷ್ಟಕ್ಕೇ ಆದರೆ ಫೋನು ಧಾರಾಳ ಸಾಕು. ಅಂಥವರು ಹೊಲಿಗೆ ಯಂತ್ರವನ್ನೇ ತರಲಿ. ಓಡುವವರಿಗೆ ಫೋನು ಸೋಲುತ್ತದೆ. ಬೆರಳಿನಿಂದ ಎಳೆದು ಹತ್ತಿರ ತರುತ್ತೇವಲ್ಲ, ಬಹಳ ಫೋನುಗಳಲ್ಲಿ ಅದು ಹತ್ತಿರ ತರುವುದಲ್ಲ, ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು. ಕ್ಯಾಮೆರಾ ಕೊಳ್ಳುವಾಗಲೂ ಆಪ್ಟಿಕಲ್ ಝೂಮ್ ಎಷ್ಟು ಎಂದಷ್ಟೇ ಕೇಳಿ, ಡಿಜಿಟಲ್ ಝೂಮ್ ಸಂಖ್ಯೆಯನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಕುಂಬ್ಳೆಯವರ ಮಾತಿಗೆ ಮರಳುತ್ತೇನೆ, ಯಾಕೆಂದರೆ ಅವರೂ ಕ್ಯಾಮೆರಾದ ಮನುಷ್ಯ. ಹೆಸರಿನಲ್ಲೇ ಕಾಸರಗೋಡು ಜಿಲ್ಲೆಯ ಕುಂಬಳೆ ಊರನ್ನು ಹೊತ್ತ ಈ ಬೆಂಗಳೂರಿನ ಎಂಜಿನಿಯರು ತಂಡದ ಪ್ರವಾಸಗಳಲ್ಲಿ ಚೆಂಡಿನ ಜೊತೆ ಕ್ಯಾಮೆರಾ ಕೂಡ ಒಯ್ಯುತ್ತಿದ್ದರು. ಕಾಡುಪ್ರಾಣಿಗಳ ಫೋಟೊವೂ ಅವರಿಗೆ ಪ್ರಿಯ. ಅವರು ತೆಗೆದ ಫೋಟೊಗಳದೇ ಒಂದು ಪುಸ್ತಕ ಬಂದಿದೆ, 'ವೈಡ್ ಆ್ಯಂಗಲ್' ಎಂದು. ಪತ್ರಿಕೆಗಳ ಫೋಟೊಗ್ರಾಫರುಗಳ ಲೆನ್ಸು ಅವರದಕ್ಕಿಂತ ದೊಡ್ಡದಿತ್ತು, ಒಪ್ಪೋಣ. ಆದರೆ ಡ್ರೆಸ್ಸಿಂಗ್ ರೂಮಿನ ಬೆಂಚಿನ ಮೇಲೆ ಸಹ ಆಟಗಾರರ ಪಕ್ಕದಲ್ಲಿ ಕೂಡುವ ಜಾಗ ಅವರಿಗಿತ್ತು, ಇವರಿಗಿರಲಿಲ್ಲ.

ನಮ್ಮ ಹಿರೋಳ್ಳಿಯಂಥ ಊರುಗಳ ಮಕ್ಕಳಿಗೂ ಅಂಥ ಜಾಗವೊಂದಿದೆ. ಶಾಲೆಯ ಹುಡುಗಿಯರು ತಾಲೂಕು ಮಟ್ಟಕ್ಕೆ ಹೋಗಿ ಆಡಿ ಬಂದರೆ ಉಳಿಯುವುದು ಒಂದು ಪ್ರಮಾಣಪತ್ರ, ಮೇಷ್ಟ್ರ ಫೋನಿನಲ್ಲೊಂದು ಗುಂಪು ಫೋಟೊ. ಗೆರೆ ದಾಟಿ ಎದುರಾಳಿಗಳ ನಡುವೆ ನಿಂತ ಹುಡುಗಿಯ ಮುಖ ಯಾರ ಬಳಿಯೂ ಇಲ್ಲ. ಹತ್ತನೆಯ ತರಗತಿ ಮುಗಿದ ಮೇಲೆ ಇವರಲ್ಲಿ ಎಷ್ಟೋ ಮಂದಿ ಮತ್ತೆ ಅಂಗಣಕ್ಕೆ ಇಳಿಯುವುದೇ ಇಲ್ಲ. ಇದನ್ನು ಹೇಳಿದ ಮೇಲೆ ಹೊಲಿಗೆ ಯಂತ್ರದ ಮಾತು ನಮ್ಮ ಮನೆಯಲ್ಲಿ ತಾನಾಗಿ ನಿಂತಿತು. ಅವಳ ಆಯಿ ಹುಡುಗಿಯಾಗಿದ್ದಾಗ ಖೊಖೊ ಆಡುತ್ತಿದ್ದಳು. ಅದರ ಒಂದು ಫೋಟೊ ಕೂಡ ಇಲ್ಲ.

ಇಪ್ಪತ್ತು ಸಾವಿರದೊಳಗೆ ಹೊಸ ಡಿ.ಎಸ್.ಎಲ್.ಆರ್. ಕಷ್ಟ, ಬಳಸಿದ್ದು ಸಿಗುತ್ತದೆ. ಕಲಬುರಗಿಗಾಗಲಿ ಸೊಲ್ಲಾಪುರಕ್ಕಾಗಲಿ ಹೋಗಿ ಕೈಯಲ್ಲಿ ಹಿಡಿದೇ ಕೊಳ್ಳಿ. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಬೂಷ್ಟು ಇದೆಯೇ ನೋಡಿ. ಇದ್ದರೆ ಎಷ್ಟು ಅಗ್ಗವಾದರೂ ಬೇಡ. ಶಟರ್ ಎಷ್ಟು ಸಾವಿರ ಸಲ ಬಡಿದಿದೆ ಎಂದು ಕೇಳಿ. ಸ್ಕೂಟರಿಗೆ ಕಿಲೊಮೀಟರ್ ಇದ್ದ ಹಾಗೆ. ಅಂಗಡಿಯ ಬಾಗಿಲಲ್ಲಿ ನಿಂತು ರಸ್ತೆಯ ಮೇಲೆ ಹೋಗುವ ಬೈಕಿನ ಫೋಟೊ ತೆಗೆಯಿರಿ. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಫೋಕಸ್ ಆಗಿ ನಿಲ್ಲುತ್ತದೆ, ಪೂರ್ತಿ ಒತ್ತಿದೊಡನೆ ಕ್ಲಿಕ್ ಎನ್ನಬೇಕು. ತಡ ಮಾಡಿದರೆ ಕೆಳಗಿಡಿ. ರಸೀದಿ ಕೇಳಿ ಪಡೆಯಿರಿ. ಹೊಸದನ್ನೇ 'ಸೊನ್ನೆ ಬಡ್ಡಿ'ಯ ಕಂತಿಗೆ ಕೊಳ್ಳುವವರು ಕೆಳಗಿನ ಸಣ್ಣ ಅಕ್ಷರ ಓದಿ. ಪ್ರೊಸೆಸಿಂಗ್ ಶುಲ್ಕ ಎಂದೊಂದು ಇರುತ್ತದೆ, ನಗದಿಗೆ ಸಿಗುವ ರಿಯಾಯಿತಿಯೂ ಹೋಗುತ್ತದೆ. ಬಡ್ಡಿಯ ಪಕ್ಕದಲ್ಲಿ ಸೊನ್ನೆ ಬರೆದದ್ದನ್ನು ನಾನು ಇಷ್ಟು ವರ್ಷದಲ್ಲಿ ನಂಬಿದವನಲ್ಲ.

ಕ್ಯಾಮೆರಾ ಬಂದ ಮೇಲೆ ಎರಡು ಕೆಲಸ. ಆಡುವವರನ್ನು ಕೇಳದೆ ಅವರ ಫೋಟೊವನ್ನು ವಾಟ್ಸಾಪಿಗೆ ಹಾಕಬಾರದು, ಅದರಲ್ಲೂ ಹುಡುಗಿಯರದು. ಮತ್ತೆ, ಮುನ್ನೂರು ಫೋಟೊ ತೆಗೆದರೆ ಅದರಲ್ಲಿ ಒಳ್ಳೆಯ ಐದನ್ನು ಆರಿಸಿ ಅಚ್ಚು ಹಾಕಿಸಿ ಆ ಆಟಗಾರ್ತಿಯರ ಕೈಗೇ ಕೊಡಬೇಕು. ಹಿಂಬದಿಯಲ್ಲಿ ಹೆಸರು, ತಾರೀಕು, ಎದುರು ತಂಡ, ಎಷ್ಟು ಪಾಯಿಂಟು ಎಂದು ಬರೆಯಿರಿ. ಒತ್ತಿ ಬರೆದರೆ ಗೆರೆ ಮುಂದಿನ ಮುಖದ ಮೇಲೆ ಮೂಡುತ್ತದೆ, ಕೈ ಹಗುರ ಇರಲಿ.