ನೋಡುವ ಹಸಿರು, ಕೂರುವ ಹಸಿರು

“ಕೊಡಗಿಗೆ ಉದ್ಯಾನವೇಕೆ?” ಎಂದು ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ: ಮಡಿಕೇರಿ ಪೇಟೆಯ ಬಾಡಿಗೆಮನೆಯಲ್ಲಿರುವವನು ಸಂಜೆ ಅರ್ಧ ಗಂಟೆ ಮರದಡಿ ಕೂರಬೇಕೆಂದರೆ ಎಲ್ಲಿಗೆ ಹೋಗಬೇಕು? ಸುತ್ತ ಹಸಿರಿಗೆ ಬರವಿಲ್ಲ, ನಿಜ. ಆದರೆ ಕಾಫಿತೋಟಕ್ಕೆ ಬೇಲಿಯುಂಟು, ಒಡೆಯನುಂಟು. ಕಾಡಿನಲ್ಲಿ ಆನೆಯುಂಟು, ಅರಣ್ಯ ಇಲಾಖೆಯುಂಟು. ಅಂಗೈಯಗಲ ನೆಲವಿಲ್ಲದ ಗುಮಾಸ್ತನಿಗೆ, ಅಂಗಡಿಯ ಆಳಿಗೆ ಉಳಿಯುವುದು ದೂರದಿಂದ ನೋಡುವ ಹಸಿರು ಮಾತ್ರ.

“ರಾಜಾಸೀಟ್ ಇಲ್ಲವೇ?” ಎನ್ನಬಹುದು. ಇದೆ. ಅರಸರು ಸೂರ್ಯಾಸ್ತ ನೋಡುತ್ತಿದ್ದರೆನ್ನುವ ಆ ತಾಣದ ಚೆಲುವಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪ್ರವೇಶಶುಲ್ಕ ಕೊಟ್ಟು, ರಜಾದಿನದ ಪ್ರವಾಸಿಗಳ ನೂಕುನುಗ್ಗಲಿನಲ್ಲಿ ನಿಂತು ನೋಡುವುದು ಪ್ರೇಕ್ಷಣೀಯ ಸ್ಥಳ. ಉದ್ಯಾನವೆಂದರೆ ನಿತ್ಯವೂ ಹೋಗಿ ಬರುವ ಜಾಗ. ನೆಂಟರಿಗೆಂದು ಪಡಸಾಲೆ ಸಿಂಗರಿಸಿ, ಮನೆಮಂದಿಗೆ ಕೂರಲು ಚಾಪೆಯೂ ಇಲ್ಲದಂತೆ ಮಾಡುವುದು ಯಾವ ಗೃಹಸ್ಥಧರ್ಮ?

ಇದು ಶೋಕಿಯ ಮಾತಲ್ಲ. ಇಂಗ್ಲೆಂಡಿನ ಸುಮಾರು 20,000 ಜನರನ್ನು ಕುರಿತ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ವಾರಕ್ಕೆ 120 ನಿಮಿಷವಾದರೂ ಉದ್ಯಾನ, ಕಾಡು, ಕಡಲತೀರಗಳಲ್ಲಿ ಕಳೆದವರಲ್ಲಿ, ತಮ್ಮ ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆ ಎಂದವರು ಹೆಚ್ಚು. ಆರೋಗ್ಯವಂತರೇ ಹೆಚ್ಚು ತಿರುಗಾಡಿರಬಹುದೆಂಬ ಆಕ್ಷೇಪವನ್ನು ಒಪ್ಪೋಣ. ಆದರೆ ಮಂಡಿನೋವಿನ ಅಜ್ಜಿ ವಾಹನದ ಹೆದರಿಕೆಯಿಲ್ಲದೆ ನಾಲ್ಕು ಹೆಜ್ಜೆ ಹಾಕುವುದು, ಮಕ್ಕಳು ಓಡಿ ಬೆವರುವುದು, ಒಂಟಿಯಾದವರು ಇನ್ನೊಬ್ಬರ ಜೊತೆ ಮಾತಾಡುವುದು ಒಳಿತೆನ್ನಲು ಅಂಕಿಅಂಶವೂ ಬೇಕೆ?

ಕಾವ್ಯ ಪಾಠ ಮಾಡುವ ನನಗೆ ಇನ್ನೊಂದು ಮಾತು ತೋರುತ್ತದೆ. ನಮ್ಮ ಹಳೆಯ ಕವಿಗಳು ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಪುರದೊಡನೆ ಉದ್ಯಾನವನ್ನೂ ಸೇರಿಸಿದ್ದರು. ಅವರ ಕಣ್ಣಿಗೆ ಉದ್ಯಾನವಿಲ್ಲದ ಪುರ ಅರೆಪುರ.

“ನಾಲ್ಕು ತಿಂಗಳು ಮಳೆ ಹೊಯ್ಯುವ ಊರಲ್ಲಿ ಯಾರು ಕೂರುತ್ತಾರೆ?” ಎಂಬುದು ಕೊನೆಯ ವಾದ. ನಾಲ್ಕು ತಿಂಗಳು ಗೋಡೆಗಳ ನಡುವೆ ಮುದುಡಿದವನಿಗೇ ಬಯಲು ಹೆಚ್ಚು ಬೇಕು. ಹೆಂಚಿನ ಮಂಟಪವೊಂದನ್ನು ಕಟ್ಟಿದರೆ ಮಳೆಯಲ್ಲೂ ಕೂರಬಹುದು.

ಉದ್ಯಾನ, ಆಟದ ಬಯಲುಗಳನ್ನು ಉಳಿಸಲೆಂದೇ ರಾಜ್ಯ 1985ರಲ್ಲಿ ಕಾಯಿದೆ ಮಾಡಿತು. ಆದರೆ ಇರುವುದನ್ನು ಕಾಯುವ ಕಾನೂನು ಇಲ್ಲದ್ದನ್ನು ಹುಟ್ಟಿಸದು. ಬೆಟ್ಟದೂರಿನಲ್ಲಿ ಸಮತಟ್ಟು ನೆಲ ಅಪರೂಪ. ಕಟ್ಟಡದ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. ಆದ್ದರಿಂದ ನಗರಸಭೆ ಈಗಲೇ ಬಡಾವಣೆಗೊಂದು ತುಂಡು ನೆಲವನ್ನು ತೆಗೆದಿರಿಸಲಿ. ಕಾರಂಜಿ, ದೀಪಾಲಂಕಾರ ಬೇಡ. ನಾಲ್ಕು ಮರ, ಎರಡು ಬೆಂಚು, ಒಂದು ನೀರಿನ ನಲ್ಲಿ, ಶುಲ್ಕವಿಲ್ಲದ ಬಾಗಿಲು ಸಾಕು. ಪ್ರವಾಸಿ ಎರಡು ದಿನವಿದ್ದು ಹೋಗುತ್ತಾನೆ. ತೆರಿಗೆ ಕೊಟ್ಟು ಇಲ್ಲೇ ಮುಪ್ಪಾಗುವವನಿಗೆ ಇಷ್ಟಾದರೂ ಸಲ್ಲಬೇಡವೇ?